ಮಡಿಗೆ ಹೊದಿಕೆ ಎಷ್ಟು ಬೇಕು: ಲೋಡ್ ಲೆಕ್ಕ ಬಿಟ್ಟು ಇಂಚಿನ ಲೆಕ್ಕ ಹಿಡಿದ ನನ್ನ ಅನುಭವ

ಹತ್ತು ಗುಂಟೆ ತರಕಾರಿ ಮಡಿಗೆ ಹೊದಿಕೆ (ಕಳೆ ತಡೆಯಲು, ತೇವ ಹಿಡಿಯಲು ಮಣ್ಣಿನ ಮೇಲೆ ಹರಡುವ ಸಿಪ್ಪೆ, ಹುಲ್ಲು) ಎಷ್ಟು ಬೇಕು ಎಂದು ನಮ್ಮ ಚಿತ್ರದುರ್ಗ ಕಡೆ ಯಾರನ್ನು ಕೇಳಿದರೂ "ಒಂದು ಹತ್ತು ಲೋಡ್ ಹೊಡೆಸ್ರಿ, ನೋಡ್ಕೊಂಡು ಹಾಕಿದ್ರಾತು" ಎನ್ನುತ್ತಾರೆ. ಆ ಮಾತು ಹಿಡಿದು ಎರಡು ವರ್ಷ ದುಡ್ಡು ಸುರಿದೆ. ಒಂದು ಸಲ ಸಾಲಲಿಲ್ಲ. ಮತ್ತೊಂದು ಸಲ ಮೂರು ಲೋಡ್ ಬದುವಿನ ಮೇಲೇ ಉಳಿದು ಗೆದ್ದಲಿನ ಪಾಲಾಯಿತು. ಮೂರನೇ ವರ್ಷ ಟೇಪು, ಒಂದು ಮರದ ಚೌಕಟ್ಟು, ಒಂದು ಗೋಣಿಚೀಲ ಇಟ್ಟುಕೊಂಡು ಲೆಕ್ಕ ಹಾಕಿದೆ. ಶೇಂಗಾ ಸಿಪ್ಪೆಯಾದರೆ ಆರು ಟ್ರ್ಯಾಲಿ ಲೋಡ್ ಸಾಕು ಎಂದು ಬಂತು. "ಆರು ಲೋಡಲ್ಲಿ ಅರ್ಧಾನೂ ಮುಚ್ಚಲ್ಲ ಬಿಡ್ರಿ" ಅಂದಿದ್ದವರ ಕಣ್ಣೆದುರೇ ಅಷ್ಟರಲ್ಲಿ 48 ಮಡಿಯೂ ಮುಚ್ಚಿ ಆರೇಳು ಚೀಲ ಮಿಕ್ಕಿತು.

ಮೊದಲ ತಪ್ಪು ಗುಂಟೆ ಲೆಕ್ಕ ಹಿಡಿಯುವುದು. ಹತ್ತು ಗುಂಟೆ ಅಂದರೆ 10,890 ಚದರಡಿ. ಆದರೆ ಹೊದಿಕೆ ಬೇಕಾಗಿರುವುದು ಮಡಿಗೆ ಮಾತ್ರ. ನನ್ನದು 3 ಅಡಿ ಅಗಲ, 45 ಅಡಿ ಉದ್ದದ ಮಡಿ, ನಡುವೆ ಒಂದೂವರೆ ಅಡಿ ಕಾಲುದಾರಿ. ಒಂದು ಸಾಲಿಗೆ 24ರಂತೆ ಎರಡು ಸಾಲು. ಒಂದು ಮಡಿಗೆ 135 ಚದರಡಿ, ಒಟ್ಟು 6,480. ಅಂದರೆ ಹತ್ತಿರ ಹತ್ತಿರ ನಾಲ್ಕೂವರೆ ಸಾವಿರ ಚದರಡಿಗೆ ಸುಮ್ಮನೆ ಸಾಮಾನು ತರಿಸುತ್ತಿದ್ದೆ.

ಇಲ್ಲಿ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು. 135 ಚದರಡಿ ಮಡಿಗೆ ಒಂದು ಇಂಚು ದಪ್ಪ ಹರಡಲು ಹನ್ನೊಂದು ಕಾಲು ಘನ ಅಡಿ ಬೇಕು. ನಿಮ್ಮ ಮಡಿಯ ಚದರಡಿಯನ್ನು 12ರಿಂದ ಭಾಗಿಸಿದರೆ ನಿಮ್ಮ ಅಂಕಿ ಸಿಗುತ್ತದೆ. ಮುಂದಿನದೆಲ್ಲ ಇದರ ಗುಣಾಕಾರವೇ.

ಗಿಡದ ಬುಡದಲ್ಲಿ ಬಿಡುವ ಜಾಗ ಕಳೆಯಬೇಕೇ ಎಂದು ಕೇಳುವವರಿದ್ದಾರೆ. ಎರಡು ಸಾಲು, ಒಂದೂವರೆ ಅಡಿ ಅಂತರ ಎಂದರೆ ಮಡಿಗೆ 60 ಗಿಡ. ಕಾಂಡದ ಸುತ್ತ ಮೂರು ಇಂಚು ಬಿಟ್ಟರೆ ಹನ್ನೆರಡು ಚದರಡಿ ಹತ್ತಿರ ಉಳಿಯುತ್ತದೆ. ಆದರೆ ಮಡಿಯ ಅಂಚಿನಿಂದ ಕಾಲುದಾರಿಗೆ ಜಾರಿ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ. ಒಂದಕ್ಕೊಂದು ಸರಿ ಹೋಗುತ್ತದೆ, ಕಳೆಯಬೇಡಿ. ಬುಡ ಬಿಡುವುದನ್ನು ಮಾತ್ರ ಮರೆಯಬೇಡಿ. ನಮ್ಮ ಕೆಂಪು ಮಣ್ಣಿನಲ್ಲಿ ಹೊದಿಕೆ ಕಾಂಡಕ್ಕೆ ತಾಗಿದರೆ ಗೆದ್ದಲು ಹೊದಿಕೆಯಿಂದ ನೇರ ತೊಗಟೆಗೆ ಹತ್ತುತ್ತದೆ.

ಎರಡನೇ ತಪ್ಪು ದೊಡ್ಡದು. ಹರಡಿದ ದಿನದ ದಪ್ಪವನ್ನೇ ದಪ್ಪ ಎಂದುಕೊಳ್ಳುವುದು. ಹತ್ತು ದಿನ ಕಳೆದ ಮೇಲೆ ಕೂತು ನಿಂತ ದಪ್ಪವೇ ನಿಜವಾದ ದಪ್ಪ. ಕಳೆ ತಡೆಯುವುದು, ತೇವ ಹಿಡಿಯುವುದು ಅದೇ. ಯಾವ ಸಾಮಾನು ಎಷ್ಟು ಕುಗ್ಗುತ್ತದೆ ಎಂದು ಗೊತ್ತಿಲ್ಲದೆ ಲೋಡ್ ಹೇಳಲು ಬರುವುದಿಲ್ಲ.

ಅದಕ್ಕೆ ನಾನು ಮಾಡಿದ್ದು ಇಷ್ಟು. ಆರು ಇಂಚಿನ ಹಲಗೆಯಿಂದ 3 ಅಡಿಗೆ 3 ಅಡಿ ಚೌಕಟ್ಟು ಮಾಡಿ ಮಡಿಯ ಮೇಲೇ ಇಟ್ಟೆ. ಸಾಮಾನನ್ನು ತುಳಿಯದೆ, ಒತ್ತದೆ ಸಡಿಲವಾಗಿ ತುಂಬಿ ಮಟ್ಟ ಮಾಡಿ ಅಳತೆ ಬರೆದುಕೊಂಡೆ. ಒಂದು ಕೊಡ ನೀರು ಚಿಮುಕಿಸಿ, ಆಮೇಲೆ ಉಳಿದ ಮಡಿಗಳಂತೆಯೇ ಹತ್ತು ದಿನ ನೀರು ಬಿಟ್ಟೆ. ಅಳೆಯಲು ಹಳೇ ಸೈಕಲ್ಲಿನ ಕಡ್ಡಿ. ಅರ್ಧ ಅರ್ಧ ಇಂಚಿಗೆ ಕೆಂಪು ಪೇಂಟ್ ಗೆರೆ ಹಾಕಿದ್ದೆ. ಕಡ್ಡಿ ಮಣ್ಣಿಗೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ, ಹೊದಿಕೆಯೊಳಗೆ ಸಲೀಸಾಗಿ ಇಳಿದು ಅಲ್ಲಿ ಗಕ್ಕನೆ ನಿಲ್ಲುತ್ತದೆ. ನಾಲ್ಕು ಮೂಲೆ ಮತ್ತು ನಡುವೆ, ಐದು ಕಡೆ ಚುಚ್ಚಿ ಸರಾಸರಿ ತೆಗೆಯಬೇಕು. ನಡುವೆ ಒಂದೇ ಕಡೆ ಚುಚ್ಚಿದರೆ ಅರ್ಧ ಇಂಚು ಮೋಸ ಹೋಗುತ್ತೀರಿ.

ನೆನಪಿನಿಂದ ಹೇಳುವುದಾದರೆ, ಶೇಂಗಾ ಸಿಪ್ಪೆ 4 ಇಂಚು ತುಂಬಿದ್ದು 3ಕ್ಕೆ ನಿಂತಿತು. ಭತ್ತದ ಹುಲ್ಲು 6 ಇದ್ದದ್ದು ಎರಡೂವರೆಗೆ ಇಳಿಯಿತು. ಕತ್ತರಿಸಿದ ಮೆಕ್ಕೆಜೋಳದ ಸೊಪ್ಪೆ 5ರಿಂದ 3ಕ್ಕೆ, ಯಂತ್ರಕ್ಕೆ ಕೊಟ್ಟು ಚೂರು ಮಾಡಿದ ತೆಂಗಿನ ಗರಿ 6ರಿಂದ ಮೂರಕ್ಕೆ ಸ್ವಲ್ಪ ಕಡಿಮೆ. ಭತ್ತದ ಹೊಟ್ಟು ಬಹಳ ಕುಗ್ಗಲಿಲ್ಲ, 3 ಇದ್ದದ್ದು ಎರಡೂವರೆ. ನಿಮ್ಮ ಸಾಮಾನು ಎಷ್ಟು ಒಣಗಿದೆ, ಎಷ್ಟು ಸಣ್ಣಗಿದೆ ಎನ್ನುವುದರ ಮೇಲೆ ಇದು ಬದಲಾಗುತ್ತದೆ. ನನ್ನ ಅಂಕಿ ನಂಬಿ ಲೋಡ್ ಹೇಳಬೇಡಿ, ಚೌಕಟ್ಟು ಇಟ್ಟು ನೋಡಿ.

ಕುಗ್ಗಿದ ಮೇಲೆ ಎಷ್ಟು ದಪ್ಪ ಬೇಕು ಎನ್ನುವುದೂ ಎಲ್ಲಕ್ಕೂ ಒಂದೇ ಅಲ್ಲ. ಸಣ್ಣ ಸಾಮಾನು ತೆಳ್ಳಗಿದ್ದರೂ ಬೆಳಕು ಬಿಡುವುದಿಲ್ಲ, ದಪ್ಪ ಕಡ್ಡಿಯ ಸಾಮಾನು ಸಂದಿ ಬಿಡುತ್ತದೆ. ಶೇಂಗಾ ಸಿಪ್ಪೆ 2 ಇಂಚು ನಿಂತರೆ ಸಾಕು. ಹುಲ್ಲು ಎರಡೂವರೆ, ಸೊಪ್ಪೆ ಮತ್ತು ಗರಿ 3. ಇನ್ನು ಜೇಕು, ಗರಿಕೆಯಂಥ ಕಳೆ ಇರುವ ಮಡಿಗೆ ಯಾವ ದಪ್ಪವೂ ಉಪಯೋಗವಿಲ್ಲ, ಅವು ಎಲ್ಲವನ್ನೂ ತೂರಿಕೊಂಡು ಬರುತ್ತವೆ. ಮೊದಲು ಗಡ್ಡೆ, ಬೇರು ಕಿತ್ತು ಆಮೇಲೆ ಹೊದಿಸಿ.

ಈಗ ಶೇಂಗಾ ಸಿಪ್ಪೆಯ ಲೆಕ್ಕ. 2 ಇಂಚು ನಿಲ್ಲಬೇಕಾದರೆ ಕಾಲು ಭಾಗ ಕುಗ್ಗುವುದನ್ನು ಸೇರಿಸಿ ಎರಡು ಮುಕ್ಕಾಲಿಗೆ ಚೂರು ಕಡಿಮೆ ಹರಡಬೇಕು. ಮಡಿಗೆ 30 ಘನ ಅಡಿ. ಗೋಣಿಚೀಲ ಎಷ್ಟು ಹಿಡಿಯುತ್ತದೆ? 2 ಅಡಿಗೆ 2 ಅಡಿ ಡಬ್ಬಕ್ಕೆ ಒಂದು ಚೀಲ ಸುರಿದು ಎತ್ತರ ನೋಡಿದೆ, 15 ಇಂಚು ಬಂತು. ಅಲ್ಲಿಗೆ 5 ಘನ ಅಡಿ. ಮಡಿಗೆ ಆರು ಚೀಲ, 48 ಮಡಿಗೆ 288 ಚೀಲ. ಟ್ರ್ಯಾಲಿ ಒಳಗೆ 10 ಅಡಿಗೆ 6 ಅಡಿ, ಮೇಲೆ ಹಲಗೆ ಕಟ್ಟಿ 4 ಅಡಿ ಎತ್ತರ ತುಂಬಿದರೆ 240 ಘನ ಅಡಿ, ಅಂದರೆ 48 ಚೀಲ. ಆರು ಲೋಡ್ ಬಂದದ್ದು ಹೀಗೆ.

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆಯಿಂದ ಬರುವಷ್ಟರಲ್ಲಿ ಕುಲುಕಿ ಲೋಡ್ ಅರ್ಧ ಅಡಿ ಕೂತಿರುತ್ತದೆ. ಕಡಿಮೆ ತುಂಬಿದ್ದಾನೆ ಎಂದು ಜಗಳಕ್ಕೆ ನಿಲ್ಲಬೇಡಿ. ಇಳಿಸುವಾಗ ಮತ್ತೆ ಸಡಿಲಾಗುತ್ತದೆ, ತುಂಬಿದ ಜಾಗದ ಎತ್ತರವನ್ನೇ ಹಿಡಿಯಿರಿ. ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಹಂಗಾಮಿಗೆ ನನಗೇ ಸಿಗಲ್ಲ.

ಹರಡುವಾಗ ಕಣ್ಣಂದಾಜು ಬೇಡ. ಪ್ರತಿ ಮಡಿಯ ತಲೆಗೆ ಆರು ಚೀಲ ಎಣಿಸಿ ಇಡಿಸಿ, ಅದು ಮುಗಿಯುವವರೆಗೆ ಪಕ್ಕದ ಮಡಿಯ ಚೀಲ ಬಿಚ್ಚಬಾರದು. ಗುಡ್ಡೆಯಿಂದ ಪುಟ್ಟಿಯಲ್ಲಿ ತುಂಬಿ ಒಯ್ಯಲು ಬಿಟ್ಟರೆ ಮೊದಲ ಹತ್ತು ಮಡಿ ದಪ್ಪ, ಕೊನೆಯ ಹತ್ತು ಮಡಿಗೆ ಮಣ್ಣು ಕಾಣುತ್ತದೆ. ಮೊದಲ ವರ್ಷ ಸಾಲದೆ ಬಂದದ್ದಕ್ಕೆ ಅರ್ಧ ಕಾರಣ ಇದೇ.

ಕೆಟ್ಟ ಪ್ರಯೋಗಗಳಲ್ಲಿ ಭತ್ತದ ಹೊಟ್ಟಿಗೇ ಮೊದಲ ಸ್ಥಾನ. ದಾವಣಗೆರೆ ಕಡೆಯ ರೈಸ್ ಮಿಲ್ಲಿನಿಂದ ತರಿಸಿದ್ದು. ಅಲ್ಲಿ ಮಂಡಕ್ಕಿ ಭಟ್ಟಿ, ಇಟ್ಟಿಗೆ ಗೂಡಿನವರ ಜೊತೆ ಪೈಪೋಟಿ ಬೇರೆ. ಆಷಾಢದ ಗಾಳಿಗೆ ಮೂರೇ ದಿನದಲ್ಲಿ ಮಡಿಯ ಹೊಟ್ಟೆಲ್ಲ ಬೇಲಿಗೆ ಹೋಗಿ ಕೂತಿತು. ಗುಡ್ಡದ ಮೇಲೆ ಸಾಲು ಸಾಲು ಗಾಳಿ ಗಿರಣಿ ನಿಂತಿರುವ ಊರಿನಲ್ಲಿ ಹೊಟ್ಟು ಹರಡುವ ಮೊದಲೇ ಇದು ಹೊಳೆಯಬೇಕಿತ್ತು. ಹಾಯಿ ನೀರು ಬಿಟ್ಟರೂ ತೇಲಿ ಹೋಗುತ್ತದೆ. ಸಗಣಿ ನೀರಿನಲ್ಲಿ ಕಲಸಿ ಹಾಕಿದರೆ ಹಪ್ಪಳದಂತೆ ಕಚ್ಚಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಪದರ ಕಟ್ಟಿ ಮಳೆ ಒಳಗೆ ಇಳಿಯದು. ನಾಲ್ಕು ಸಲ ಕೆಟ್ಟ ಮೇಲೆ ಹದ ಸಿಕ್ಕಿದೆ. ಆ ಹದ ಸದ್ಯ ನನ್ನ ಹತ್ತಿರವೇ ಇರಲಿ.

ಬದನೆ ಮಡಿಯೊಂದು ಹಳದಿಯಾದದ್ದು ಇನ್ನೊಂದು ಪಾಠ. ಕಳೆ ತೆಗೆಯುವಾಗ ಆಳುಗಳು ಸಿಪ್ಪೆಯನ್ನು ಮಣ್ಣಿಗೆ ಸೇರಿಸಿ ಕೆದಕಿದ್ದರು. ಮೇಲೆ ಇದ್ದಷ್ಟು ದಿನ ತೊಂದರೆ ಇಲ್ಲ. ಹಸಿ ಸಿಪ್ಪೆ ಮಣ್ಣೊಳಗೆ ಹೋದರೆ ಕೊಳೆಸುವ ಜೀವಿಗಳು ಗಿಡದ ಸಾರಜನಕವನ್ನೇ ತಿಂದು ಹಾಕುತ್ತವೆ. ಮಡಿಗೆ ನೂರು ಗ್ರಾಂ ಯೂರಿಯಾ ನೀರಿನಲ್ಲಿ ಕರಗಿಸಿ ಕೊಟ್ಟ ಮೇಲೆ ಎರಡು ವಾರಕ್ಕೆ ಚೇತರಿಸಿತು.

ಸಿಪ್ಪೆ ಕೊಳ್ಳುವಾಗ ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಬಿಳಿ ನೂಲಿನಂಥ ಬೂಷ್ಟು, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಆ ಲೋಡ್ ಬೇಡವೇ ಬೇಡ. ಅದು ಶೇಂಗಾದ ಬುಡ ಕೊಳೆ ರೋಗದ ಬೀಜ. ಟೊಮ್ಯಾಟೊ, ಮೆಣಸಿನಕಾಯಿಯ ಬುಡವನ್ನೂ ಬಿಡುವುದಿಲ್ಲ. ಒಡೆದ ಕಾಳು ಜಾಸ್ತಿ ಇದ್ದರೂ ಬೇಡ. ಕಾಳಿಗೆ ಇಲಿ ಬರುತ್ತವೆ, ಬಂದ ಇಲಿ ಹೊದಿಕೆ ಕೆಳಗಿನ ಡ್ರಿಪ್ ಪೈಪ್ ಕಡಿಯುತ್ತವೆ, ತೂತು ಎಲ್ಲಿದೆ ಎಂದು ಹುಡುಕಲು ಇಡೀ ಮಡಿ ಕೆದಕಬೇಕು.

"ದಪ್ಪ ಹಾಕಿದಷ್ಟೂ ಒಳ್ಳೇದು" ಎನ್ನುವವರಿಗಾಗಿ ಒಂದು ಪ್ರಯೋಗ ಮಾಡಿದೆ. ಒಂದು ಚದರಡಿಯ ಜರಡಿ, ಕೆಳಗೆ ತಟ್ಟೆ. ಜರಡಿಯಲ್ಲಿ ಒಣ ಹುಲ್ಲು. ಒಂದು ಚದರಡಿಗೆ ಅರ್ಧ ಲೀಟರ್ ನೀರು ಹಾಕಿದರೆ ಹತ್ತಿರ ಹತ್ತಿರ 5 ಮಿಲಿಮೀಟರ್ ಮಳೆಗೆ ಸಮ. 2 ಇಂಚು ಹುಲ್ಲಿನಡಿ ತಟ್ಟೆಗೆ ನೀರು ಬಂತು. 5 ಇಂಚಿನಡಿ ತಟ್ಟೆ ಬರೀ ತೇವ. ಅದೇ ಅಳತೆಯಲ್ಲಿ ತೆಂಗಿನ ನಾರಿನ ಪುಡಿ ಒಂದೇ ಇಂಚು ಇಟ್ಟರೂ ನೀರೆಲ್ಲ ಅದೇ ಕುಡಿಯಿತು. ಚಳ್ಳಕೆರೆ, ಹಿರಿಯೂರು ಕಡೆ ಬರುವ ಸಣ್ಣ ಸಣ್ಣ ಮಳೆಗೆ ದಪ್ಪ ಹೊದಿಕೆ ಛತ್ರಿಯಾಗುತ್ತದೆ. ಮಳೆ ನಂಬಿದ ಮಡಿಗೆ ಕುಗ್ಗಿದ ಮೇಲೆ 3 ಇಂಚು ದಾಟಬೇಡಿ. ಡ್ರಿಪ್ ಕೆಳಗಿದ್ದರೆ ಈ ಚಿಂತೆ ಇಲ್ಲ. ಎರೆ ಮಣ್ಣಿನವರು ಬಿರುಕು ಬಿಡುವ ಮೊದಲೇ ಹೊದಿಸಬೇಕು, ಇಲ್ಲದಿದ್ದರೆ ಸಿಪ್ಪೆ ಬಿರುಕಿನೊಳಗೆ ಇಳಿದು ಯಾವ ಲೆಕ್ಕವೂ ನಿಲ್ಲುವುದಿಲ್ಲ.

ದುಡ್ಡಿನ ಮಾತು. ಸಿಪ್ಪೆ, ಬಾಡಿಗೆ ಸೇರಿ ಲೋಡಿಗೆ ಮೂರು ಸಾವಿರದ ಆಸುಪಾಸು, ಆರು ಲೋಡಿಗೆ 18,000. ಹರಡಲು ಕೂಲಿ ನಾಲ್ಕು ಸಾವಿರ. ಮೊದಲು ಬೆಳೆಗೆ ಮೂರು ಸಲ ಕಳೆ, ಸಲಕ್ಕೆ ಎಂಟು ಆಳು. ಈಗ ಒಂದೇ ಸಲ. ಆಳಿಗೆ 350ರಂತೆ ಬೆಳೆಗೆ 5,600 ಉಳಿತಾಯ. ಬೇಸಿಗೆಯಲ್ಲಿ ದಿನಾ ಬಿಡುತ್ತಿದ್ದ ಡ್ರಿಪ್ ಈಗ ದಿನ ಬಿಟ್ಟು ದಿನ. ಒಂದೇ ಬೆಳೆಗೆ ಲೆಕ್ಕ ಹಾಕಿದರೆ ನಷ್ಟವೇ. 400 ಮೀಟರಿನ ಎರಡು ರೋಲ್ ಪ್ಲಾಸ್ಟಿಕ್ ಹಾಳೆ ನಾಲ್ಕೂವರೆ ಸಾವಿರಕ್ಕೆ ಇದೇ 48 ಮಡಿ ಮುಚ್ಚುತ್ತದೆ, ಆ ಮಾತನ್ನು ಬಚ್ಚಿಡುವುದಿಲ್ಲ. ಆದರೆ ಬೆಳೆ ಮುಗಿದ ಮೇಲೆ ಹಾಳೆಯ ಚೂರು ಆರಿಸಿ ತೆಗೆಯುವ ಕೂಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಣ್ಣಿಗೆ ಅದರಿಂದ ಸೇರುವುದೂ ಏನಿಲ್ಲ. ಸಿಪ್ಪೆ ನನಗೆ ಮೂರು ಬೆಳೆ ಬಂದಿದೆ.

ಖರ್ಚು ಇಳಿಸಲು ಹೋದ ವರ್ಷದಿಂದ ಎರಡು ಪದರ ಮಾಡಿದ್ದೇನೆ. ಕೆಳಗೆ ನಮ್ಮದೇ ಬದುವಿನ ತೆಂಗಿನ ಗರಿಯ ಚೂರು 3 ಇಂಚು, ಅದು ಒಂದೂವರೆಗೆ ಕೂರುತ್ತದೆ. ಮೇಲೆ ಮಡಿಗೆ ಮೂರೇ ಚೀಲ ಸಿಪ್ಪೆ. ಗರಿಯ ಸಂದಿಯನ್ನು ಸಿಪ್ಪೆ ತುಂಬುತ್ತದೆ, ಸಿಪ್ಪೆ ಜಾರದಂತೆ ಗರಿ ಹಿಡಿಯುತ್ತದೆ. ಕೊಳ್ಳುವುದು ಆರರ ಬದಲು ಮೂರು ಲೋಡ್. ಗರಿಯನ್ನು ಎರಡು ಇಂಚಿಗಿಂತ ಉದ್ದ ಬಿಡಬೇಡಿ, ಉದ್ದ ಚೂರು ಬಿಲ್ಲಿನಂತೆ ಎದ್ದು ನಿಂತು ಸಿಪ್ಪೆಯನ್ನೆಲ್ಲ ಕೆಳಗೆ ಬಿಟ್ಟುಬಿಡುತ್ತದೆ. ಎರಡನೇ ಬೆಳೆಗೆ ಮೊದಲು ಸೈಕಲ್ ಕಡ್ಡಿ ಚುಚ್ಚಿ ನೋಡಿ, ಒಂದೂವರೆ ಇಂಚಿಗೆ ಇಳಿದ ಮಡಿಗೆ ಮಾತ್ರ ಒಂದೂವರೆ ಚೀಲದಂತೆ ಮೇಲೆ ಕೊಡುತ್ತೇನೆ.