ಸಕ್ಕರೆ ಎಷ್ಟು? ಮೊದಲೇ ಹೇಳಿಬಿಡಿ: ಗ್ರೀಕರ ಕಾಫಿ ಮಾಡುವ ಬಗೆ

ಗ್ರೀಸಿನ ಥೆಸಲೋನಿಕಿ ನಗರದಲ್ಲಿ ನಾನು ಕೆಲವು ದಿನ ಬಾಡಿಗೆಗಿದ್ದ ಮನೆಯ ಯಜಮಾನಿಗೆ ಎಪ್ಪತ್ತು ದಾಟಿತ್ತು. ಮೊದಲ ದಿನ ಒಳಗೆ ಕಾಲಿಡುತ್ತಿದ್ದಂತೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಸಕ್ಕರೆ ಎಷ್ಟು ಎಂದು. ಹೆಸರು, ಊರು ಎಲ್ಲ ಆಮೇಲೆ. ನಮ್ಮ ಕಡೆ ಕಾಫಿ ಕೈಗೆ ಕೊಟ್ಟ ಮೇಲೆ ‘ಸಕ್ಕರೆ ಸಾಕಾ ನೋಡಿ’ ಎನ್ನುತ್ತೇವೆ. ಅಲ್ಲಿ ಹಾಗೆ ಕೇಳಿ ಪ್ರಯೋಜನವಿಲ್ಲ. ಗ್ರೀಕ್ ಕಾಫಿಯಲ್ಲಿ ಸಕ್ಕರೆ ಪುಡಿಯ ಜೊತೆಗೇ ಕಾಯುತ್ತದೆ. ಬಟ್ಟಲಿಗೆ ಬಗ್ಗಿಸಿದ ಮೇಲೆ ಚಮಚ ಆಡಿಸಿದರೆ ತಳದ ಚರಟವೆಲ್ಲ ಮೇಲೆದ್ದು ಬಾಯಿ ತುಂಬ ಮರಳು ಸಿಕ್ಕ ಹಾಗಾಗುತ್ತದೆ.

ಇದನ್ನು ಸೋಸುವುದಿಲ್ಲ ಎಂಬುದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನಮ್ಮ ಫಿಲ್ಟರಿನಲ್ಲಿ ಚರಟ ಮೇಲಿನ ಡಬ್ಬಿಯಲ್ಲೇ ಉಳಿದು ಡಿಕಾಕ್ಷನ್ ಮಾತ್ರ ಕೆಳಗಿಳಿಯುತ್ತದೆ. ಗ್ರೀಕರಲ್ಲಿ ಪುಡಿ, ನೀರು, ಸಕ್ಕರೆ ಮೂರೂ ಕೂಡಿಯೇ ಬಟ್ಟಲಿಗೆ ಬರುತ್ತವೆ. ಪುಡಿ ಅಷ್ಟು ನುಣ್ಣಗಿರುವುದು, ಗುಟುಕು ಅಷ್ಟು ಚಿಕ್ಕದಾಗಿರುವುದು, ಪಕ್ಕದಲ್ಲಿ ತಣ್ಣೀರಿನ ಲೋಟ ಬರುವುದು, ಖಾಲಿ ಬಟ್ಟಲಲ್ಲಿ ಭವಿಷ್ಯ ನೋಡುವುದು ಎಲ್ಲಕ್ಕೂ ಆ ತಳದ ಚರಟವೇ ಕಾರಣ.

ಪಾತ್ರೆ ಮತ್ತು ಪುಡಿ

ಕಾಫಿ ಕಾಯಿಸುವ ಪಾತ್ರೆಗೆ ಬ್ರಿಕಿ ಎನ್ನುತ್ತಾರೆ. ಉದ್ದ ಹಿಡಿ, ಅಗಲ ತಳ, ಕಿರಿದಾದ ಕುತ್ತಿಗೆ, ಅಂಚಿನಲ್ಲಿ ಬಗ್ಗಿಸಲು ಒಂದು ಮೂತಿ. ಹಿತ್ತಾಳೆ ಅಥವಾ ತಾಮ್ರದ್ದಕ್ಕೆ ಒಳಗೆ ಕಲಾಯಿ ಇರುತ್ತದೆ, ಸ್ಟೀಲಿನದೂ ಸಿಗುತ್ತದೆ. ಒಂದು ಬಟ್ಟಲಿನದು, ಎರಡು ಬಟ್ಟಲಿನದು, ನಾಲ್ಕು ಬಟ್ಟಲಿನದು ಎಂದು ಗಾತ್ರ ಬೇರೆ ಬೇರೆ. ಒಬ್ಬರಿಗೆ ಮಾಡುವಾಗ ದೊಡ್ಡ ಬ್ರಿಕಿ ತೆಗೆದುಕೊಂಡರೆ ನೊರೆ ಹರಡಿ ತೆಳ್ಳಗಾಗುತ್ತದೆ. ಆ ನೊರೆಗೆ ಕೈಮಾಕಿ ಎಂದು ಹೆಸರು. ಅದಿಲ್ಲದ ಬಟ್ಟಲನ್ನು ಅತಿಥಿಯ ಮುಂದಿಡಲು ಅಲ್ಲಿನ ಗೃಹಿಣಿಯರು ಸಂಕೋಚಪಡುತ್ತಾರೆ.

ಬ್ರಿಕಿ ಇಲ್ಲವೆಂದು ನಾನು ಊರಿಗೆ ಬಂದ ಮೇಲೆ ಒಗ್ಗರಣೆ ಸೌಟಿನಲ್ಲಿ ಮಾಡಿ ನೋಡಿದೆ. ಹಿಡಿ ಉದ್ದವಿದೆ, ಅಳತೆಯೂ ಸರಿಹೋಗುತ್ತದೆ. ಆದರೆ ಬಾಯಿ ಅಗಲವಾದ್ದರಿಂದ ನೊರೆ ಕೂಡಿಕೊಳ್ಳಲಿಲ್ಲ, ಎಷ್ಟು ತಿಕ್ಕಿದ್ದರೂ ಇಂಗಿನ ವಾಸನೆ ಕಾಫಿಗೆ ಬಂತು. ಕತ್ತು ಕಿರಿದಾದ ಸಣ್ಣ ಸ್ಟೀಲ್ ಪಾತ್ರೆಯೊಂದನ್ನು ಇದಕ್ಕೆಂದೇ ತೆಗೆದಿಡುವುದು ಒಳ್ಳೆಯದು. ನಮ್ಮ ಗ್ಯಾಸ್ ಒಲೆಯ ಕಂಬಿಗಳ ನಡುವೆ ಸಣ್ಣ ಪಾತ್ರೆ ವಾಲುತ್ತದೆ. ಹಪ್ಪಳ ಸುಡುವ ಜಾಲರಿ ಇಟ್ಟು ಅದರ ಮೇಲೆ ಕೂರಿಸಿ.

ಬಟ್ಟಲಿಗೆ ಅವರು ಫ್ಲಿಜಾನಿ ಎನ್ನುತ್ತಾರೆ. ಆ ಪದ ಟರ್ಕಿಶ್, ಅರಬ್ಬಿ ಬಾಯಿಗಳನ್ನು ಹಾದು ಬಂದದ್ದು. ಮೂಲ ಪರ್ಷಿಯನ್ನಿನ ‘ಪಿಂಗಾನ್’. ನಮ್ಮ ‘ಪಿಂಗಾಣಿ’ಯೂ ಅದೇ ಮನೆಯ ಮಗಳು. ಆ ಪಿಂಗಾಣಿ ಬಟ್ಟಲು ನಮ್ಮ ಕಾಫಿ ಲೋಟದ ಅರ್ಧದಷ್ಟೂ ಇರುವುದಿಲ್ಲ, 60ರಿಂದ 70 ಮಿಲಿಲೀಟರ್ ಹಿಡಿಯುತ್ತದೆ.

ಇನ್ನು ಪುಡಿ. ಗ್ರೀಸಿನಲ್ಲಿ ಕಾಫಿ ಬೆಳೆಯುವುದಿಲ್ಲ. ಅವರ ಸಾಂಪ್ರದಾಯಿಕ ಪುಡಿಗೆ ಬ್ರೆಜಿಲ್‌ನ ಅರೇಬಿಕಾ ಬೀಜವೇ ಹೆಚ್ಚು. ಹುರಿಯುವುದು ಹದವಾಗಿ, ಬಣ್ಣ ತಿಳಿಕಂದು. ಮುಖ್ಯವಾದದ್ದು ಬೀಸುವ ನಯ. ಎರಡು ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು, ಅರಿಶಿನದ ಪುಡಿಯ ಹಾಗೆ ಬೆರಳಿಗೆ ಅಂಟಬೇಕು. ಮನೆಯ ಮಿಕ್ಸಿಯಲ್ಲಿ ಇಷ್ಟು ನುಣ್ಣಗಾಗುವುದಿಲ್ಲ, ಪ್ರಯತ್ನಿಸಿದರೆ ಜಾರು ಬಿಸಿಯಾಗಿ ಘಮ ಹೋಗುತ್ತದೆ. ಕಾಫಿಪುಡಿ ಅಂಗಡಿಯಲ್ಲಿ ಚಿಕೋರಿ ಬೇಡವೆಂದು ಹೇಳಿ, ಕಡಿಮೆ ಹುರಿದ ಅರೇಬಿಕಾ ಬೀಜವನ್ನು ‘ಟರ್ಕಿಶ್ ಗ್ರೈಂಡ್’ ಎಂದು ಕೇಳಿ ಬೀಸಿಸಿಕೊಳ್ಳಿ. ಚಿಕ್ಕಮಗಳೂರಿನದೋ ಕೊಡಗಿನದೋ ಆದರೆ ಧಾರಾಳ ಸಾಕು. ಫಿಲ್ಟರಿಗೆ ಬೀಸಿದ ಪುಡಿ ಇದಕ್ಕೆ ಒಗ್ಗದು, ತಳಕ್ಕಿಳಿಯದೆ ತೇಲುತ್ತಿರುತ್ತದೆ.

ಒಲೆಯ ಮುಂದೆ

1. ಕುಡಿಯುವ ಬಟ್ಟಲಿನಿಂದಲೇ ತಣ್ಣೀರು ಅಳೆದು ಬ್ರಿಕಿಗೆ ಹಾಕಿ. ಎಷ್ಟು ಜನವೋ ಅಷ್ಟು ಬಟ್ಟಲು. ಬಿಸಿನೀರು ಬೇಡ, ತಣ್ಣೀರಾದರೆ ಕಾಯಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲೇ ಪುಡಿಯ ಸಾರ ಬಿಡುತ್ತದೆ.

2. ಬಟ್ಟಲಿಗೊಂದು ತುಂಬು ಚಮಚ ಪುಡಿ, ಅಂದರೆ ಸುಮಾರು 7 ಗ್ರಾಂ. ಚಹಾ ಚಮಚದ ಅಳತೆ.

3. ಸಕ್ಕರೆ ಈಗಲೇ. ಸಕ್ಕರೆಯಿಲ್ಲದ್ದು ಸ್ಕೆತೊ, ಒಂದು ಚಮಚ ಹಾಕಿದ್ದು ಮೆತ್ರಿಯೊ, ಎರಡು ಹಾಕಿದ್ದು ಗ್ಲಿಕೊ. ಪುಡಿ, ಸಕ್ಕರೆ ಎರಡನ್ನೂ ಜಾಸ್ತಿ ಹಾಕಿದರೆ ವಾರಿ ಗ್ಲಿಕೊ, ಗಟ್ಟಿ ಸಿಹಿ. ಮೊದಲ ಸಲ ಮಾಡುವವರು ಮೆತ್ರಿಯೊದಿಂದ ಶುರುಮಾಡಿ. ಹಾಲಿಲ್ಲದೆ ಕುಡಿದು ರೂಢಿಯಿಲ್ಲದ ನಾಲಿಗೆಗೆ ಸ್ಕೆತೊ ಒಮ್ಮೆಲೇ ಕಹಿಯೆನಿಸುತ್ತದೆ. ಮನೆಯಲ್ಲಿ ಮೂವರಿಗೆ ಮೂರು ಬಗೆ ಬೇಕಿದ್ದರೆ ಮೂರು ಸಲ ಮಾಡಬೇಕು, ಬೇರೆ ದಾರಿಯಿಲ್ಲ.

4. ಒಲೆಯ ಮೇಲಿಡುವ ಮೊದಲೇ ಚೆನ್ನಾಗಿ ಕಲಸಿ, ಗಂಟು ಉಳಿಯದಂತೆ. ನೀರು ಬೆಚ್ಚಗಾಗುವವರೆಗೆ ಇನ್ನೊಂದೆರಡು ಸುತ್ತು ತಿರುಗಿಸಿ. ಆಮೇಲೆ ಚಮಚ ತೆಗೆದಿಟ್ಟುಬಿಡಿ, ಮತ್ತೆ ಮುಟ್ಟಬೇಡಿ. ನೊರೆ ಕಟ್ಟತೊಡಗಿದ ಮೇಲೆ ಕೈಯಾಡಿಸಿದರೆ ಅದು ಒಡೆಯುತ್ತದೆ.

5. ಉರಿ ಇರುವುದರಲ್ಲೇ ಸಣ್ಣದು. ಹಿಂದಿನ ಕಾಫಿ ಅಂಗಡಿಗಳಲ್ಲಿ ಬ್ರಿಕಿಯನ್ನು ಬಿಸಿ ಬೂದಿಯಲ್ಲಿ ಹೂತಿಡುತ್ತಿದ್ದರು. ಅದಕ್ಕೆ ಹೋವೊಲಿ ಎಂದು ಹೆಸರು, ಈಗಲೂ ಕೆಲವೆಡೆ ಹಾಗೆಯೇ ಮಾಡುತ್ತಾರೆ. ಬೂದಿಯ ಶಾಖ ತಳಕ್ಕಷ್ಟೇ ಅಲ್ಲ, ಸುತ್ತ ಬದಿಗೂ ಸಮನಾಗಿ ತಾಗುತ್ತದೆ. ಸಣ್ಣ ಉರಿಯಲ್ಲಿ ಮೂರು-ನಾಲ್ಕು ನಿಮಿಷವಾದರೂ ಬೇಕು.

6. ಈಗ ಕಣ್ಣು ತೆಗೆಯಬೇಡಿ. ಮೊದಲು ಅಂಚಿನ ಸುತ್ತ ತಿಳಿ ಬಣ್ಣದ ಗೆರೆಯೊಂದು ಮೂಡುತ್ತದೆ. ಆ ಗೆರೆ ದಪ್ಪವಾಗುತ್ತ ನಡುವಿಗೆ ಸರಿಯುತ್ತದೆ. ನಡುವೆ ಕಪ್ಪು ವೃತ್ತವೊಂದು ರೂಪಾಯಿ ನಾಣ್ಯದಷ್ಟು, ಆಮೇಲೆ ಕಾಳುಮೆಣಸಿನಷ್ಟು ಆಗಿ, ಮುಚ್ಚಿಕೊಳ್ಳುತ್ತದೆ. ನೊರೆಯೆಲ್ಲ ಒಟ್ಟಾಗಿ ಉಸಿರೆಳೆದಂತೆ ಮೇಲೇಳುತ್ತದೆ. ಅದೇ ಕ್ಷಣ ಒಲೆಯಿಂದ ತೆಗೆಯಿರಿ. ಗಳಗಳ ಕುದಿಯಲು ಬಿಟ್ಟರೆ ಕೈಮಾಕಿ ಹರಿದುಹೋಗುತ್ತದೆ, ಕಹಿಯೂ ಏರುತ್ತದೆ.

ನಾನು ಮೊದಲ ಬಾರಿ ಈ ಹಂತದಲ್ಲೇ ಎಡವಿದೆ. ಹಾಲು ಉಕ್ಕುವುದನ್ನು ನೋಡಿ ಬೆಳೆದವರಿಗೆ ಉಕ್ಕು ಬರಲಿ ಎಂದು ಕಾಯುವ ಅಭ್ಯಾಸ. ಇಲ್ಲಿ ಉಕ್ಕು ಕಂಡಾಗ ಹೊತ್ತು ಮೀರಿರುತ್ತದೆ. ಯಜಮಾನಿ ಒಲೆಯ ಮೇಲೆ ಚೆಲ್ಲಿದ್ದನ್ನು ಒರೆಸಿ, ಹೊಸದಾಗಿ ನೀರು ಅಳೆದು ನನ್ನ ಕೈಗೇ ಬ್ರಿಕಿ ಕೊಟ್ಟರು. ‘ಸಿಗಾ ಸಿಗಾ, ಪೆದಿ ಮು’ ಎಂದರು. ನಿಧಾನ, ನಿಧಾನ, ನನ್ನ ಕಂದ. ಉರಿಯನ್ನು ಇನ್ನಷ್ಟು ಇಳಿಸಿ ಪಕ್ಕದಲ್ಲೇ ನಿಂತರು. ಎರಡನೆಯದು ಸರಿಯಾಯಿತು.

7. ಬಗ್ಗಿಸುವಾಗ ಒಂದೇ ಬಟ್ಟಲನ್ನು ತುಂಬಿಸಬೇಡಿ. ಮೊದಲು ಪ್ರತಿ ಬಟ್ಟಲಿಗೂ ಸ್ವಲ್ಪ ಸ್ವಲ್ಪ ನೊರೆ ಹಂಚಿ, ಆಮೇಲೆ ಬ್ರಿಕಿಯನ್ನು ಬಟ್ಟಲಿಗೆ ಹತ್ತಿರ ಹಿಡಿದು ಅಂಚಿನಿಂದ ಮೆಲ್ಲಗೆ ಉಳಿದದ್ದನ್ನು ಸುರಿಯಿರಿ. ತಳದ ಚರಟವೂ ಬಟ್ಟಲಿಗೇ ಹೋಗಬೇಕು.

ಕುಡಿಯುವುದಕ್ಕೂ ಕ್ರಮವಿದೆ

ಎರಡು ನಿಮಿಷ ಮುಟ್ಟಬೇಡಿ. ಚರಟ ಇಳಿಯಲಿ. ಅಷ್ಟರಲ್ಲಿ ಜೊತೆಗಿಟ್ಟ ತಣ್ಣೀರು ಒಂದು ಗುಟುಕು ಕುಡಿದು ಬಾಯಿ ಶುದ್ಧ ಮಾಡಿಕೊಳ್ಳಿ. ಆಮೇಲೆ ನೊರೆಯ ಮೂಲಕ ಸೊರ್ ಎಂದು ಸಣ್ಣದಾಗಿ ಹೀರಬೇಕು. ಈ ಪುಟ್ಟ ಬಟ್ಟಲು ಮುಗಿಯಲು ಅರ್ಧ ಗಂಟೆ ಹಿಡಿದರೆ ಯಾರೂ ಅಚ್ಚರಿಪಡುವುದಿಲ್ಲ. ತುಟಿಗೆ ಗಸಿ ತಾಗಿತೆಂದರೆ ನಿಲ್ಲಿಸಿ, ತಳದಲ್ಲಿ ಅರ್ಧ ಬೆರಳ ದಪ್ಪದಷ್ಟು ಉಳಿಯುವುದೇ ಸರಿ.

ಜೊತೆಗೆ ಏನಾದರೂ ಸಿಹಿ ಕೊಡುವುದು ವಾಡಿಕೆ: ಲುಕುಮಿ ಎಂಬ ಮೆತ್ತನೆಯ ಮಿಠಾಯಿಯ ಒಂದು ತುಂಡು, ಅಥವಾ ಚಮಚದ ಸಿಹಿ. ಈ ಎರಡನೆಯದು ನಮ್ಮ ಮುರಬ್ಬದ ಜಾತಿಯದು. ಹುಳಿ ಚೆರ್ರಿ, ಅಂಜೂರ, ಕಹಿ ಕಿತ್ತಳೆಯ ಸಿಪ್ಪೆ ಇವನ್ನು ಪಾಕದಲ್ಲಿ ಹಾಕಿಟ್ಟು, ಬಂದವರಿಗೆ ಪುಟ್ಟ ತಟ್ಟೆಯಲ್ಲಿ ಒಂದೇ ಚಮಚ ಬಡಿಸುತ್ತಾರೆ. ಸಾವಿನ ಮನೆಯಲ್ಲೂ ಇದೇ ಕಾಫಿ. ಶವಸಂಸ್ಕಾರ ಮುಗಿಸಿ ಬಂದವರಿಗೆ ಕಾಫಿ, ಒಣ ರಸ್ಕಿನಂಥ ಪಕ್ಸಿಮಾದಿ, ಪುಟ್ಟ ಗ್ಲಾಸಿನಲ್ಲಿ ಬ್ರಾಂದಿ ಕೊಡುತ್ತಾರೆ. ಅದನ್ನು ಸಾಂತ್ವನದ ಕಾಫಿ ಎಂದೇ ಕರೆಯುತ್ತಾರೆ. ಮಾತು ಸಿಗದ ಹೊತ್ತಿನಲ್ಲಿ ಕೈಗೊಂದು ಬೆಚ್ಚನೆಯ ಬಟ್ಟಲು ಕೊಡುವ ಈ ಪದ್ಧತಿ ನನ್ನನ್ನು ಬಹಳ ತಟ್ಟಿತು.

ಭವಿಷ್ಯ ನೋಡುವ ಆಸೆಯಿದ್ದರೆ, ಉಳಿದ ಗಸಿಯನ್ನು ಬಟ್ಟಲಲ್ಲೇ ಮೂರು ಸುತ್ತು ತಿರುಗಿಸಿ ತಟ್ಟೆಯ ಮೇಲೆ ಕವುಚಿ ಹಾಕಿ. ಒಣಗಿದ ಮೇಲೆ ಎತ್ತಿದರೆ ಒಳಗೋಡೆಯಲ್ಲಿ ಗೆರೆಗಳು ಇಳಿದಿರುತ್ತವೆ. ಹಕ್ಕಿ, ದಾರಿ, ಬೆಟ್ಟ. ಓದಿ ಹೇಳುವ ಹೆಂಗಸಿಗೆ ಕಫೆಜೂ ಎಂದು ಹೆಸರು.

ಒಂದು ಎಚ್ಚರಿಕೆ. ಸೋಸದ ಕಾಫಿಯಲ್ಲಿ ಬೀಜದ ಎಣ್ಣೆಯಂಶ ಹಾಗೆಯೇ ಉಳಿಯುತ್ತದೆ, ಅದರಲ್ಲಿನ ಕ್ಯಾಫೆಸ್ಟಾಲ್ ಎಂಬ ಅಂಶ ಕೊಲೆಸ್ಟ್ರಾಲ್ ಏರಿಸುತ್ತದೆ. ಆ ತೊಂದರೆ ಇರುವವರು ದಿನಕ್ಕೆ ನಾಲ್ಕೈದು ಬಟ್ಟಲಿನ ರೂಢಿ ಮಾಡಿಕೊಳ್ಳುವುದು ಬೇಡ.

ಹೆಸರಿನ ವಿಷಯ

ಇದು ಟರ್ಕಿಶ್ ಕಾಫಿಯೇ ಅಲ್ಲವೇ ಎಂದು ಓದುವಾಗಲೇ ನಿಮಗೆ ಅನಿಸಿರಬಹುದು. ಮಾಡುವ ಬಗೆ ಹೆಚ್ಚುಕಮ್ಮಿ ಅದೇ, ಪಾತ್ರೆ-ಪದಾರ್ಥದ ಹೆಸರುಗಳೂ ಬಹುಪಾಲು ಟರ್ಕಿಶ್‌ನಿಂದ ಬಂದವು. ಗ್ರೀಕರೂ ಬಹುಕಾಲ ‘ತುರ್ಕಿಕೊ’ ಎಂದೇ ಕರೆಯುತ್ತಿದ್ದರು. 1974ರಲ್ಲಿ ಟರ್ಕಿಯ ಸೇನೆ ಸೈಪ್ರಸ್ ದ್ವೀಪಕ್ಕೆ ನುಗ್ಗಿದ ಮೇಲೆ ಆ ಹೆಸರು ನಾಲಿಗೆಗೆ ಭಾರವಾಯಿತು. ‘ಎಲಿನಿಕೊ’, ಅಂದರೆ ಗ್ರೀಕ್, ಎಂಬುದು ಗಟ್ಟಿಯಾಗಿ ನೆಲೆಯೂರಿತು. ಟರ್ಕಿಯ ಕಾಫಿ ಸಂಸ್ಕೃತಿಯನ್ನು ಯುನೆಸ್ಕೊ 2013ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇವರಲ್ಲಿ ಯಾರದು ಮೂಲ ಎಂದು ಬಟ್ಟಲ ಮುಂದೆ ಕೂತು ಜಗಳವಾಡುವುದು ನನಗೆ ಇಷ್ಟವಿಲ್ಲ. ಅಲ್ಲಿಗೆ ಹೋದಾಗ ಅವರು ಕರೆಯುವ ಹೆಸರಿನಿಂದ ಕೇಳುವುದು ಮರ್ಯಾದೆ.

ಬೇಸಿಗೆಗೆ ಫ್ರಾಪೆ

ಬಿಸಿಲೇರಿದ ಮೇಲೆ ಗ್ರೀಸ್ ತಣ್ಣನೆಯ ಕಾಫಿಗೆ ತಿರುಗುತ್ತದೆ. ಫ್ರಾಪೆ ಹುಟ್ಟಿದ್ದು 1957ರ ಥೆಸಲೋನಿಕಿ ಅಂತರರಾಷ್ಟ್ರೀಯ ಮೇಳದಲ್ಲಿ. ನೆಸ್ಕೆಫೆ ಪರವಾಗಿ ಅಲ್ಲಿದ್ದ ದಿಮಿತ್ರಿಸ್ ವಕೊಂದಿಯೊಸ್ ಅವರಿಗೆ ಕಾಫಿ ಬೇಕೆನಿಸಿತು, ಬಿಸಿನೀರು ಸಿಗಲಿಲ್ಲ. ಇನ್‌ಸ್ಟಂಟ್ ಪುಡಿಯನ್ನು ತಣ್ಣೀರಿಗೆ ಹಾಕಿ ಶೇಕರಿನಲ್ಲಿ ಕುಲುಕಿದರು. ದಪ್ಪ ನೊರೆ ಎದ್ದಿತು.

ಮಾಡುವುದು ಸುಲಭ. ಬಿಗಿ ಮುಚ್ಚಳದ ಬಾಟಲಿಗೆ ಎರಡು ಚಮಚ ಇನ್‌ಸ್ಟಂಟ್ ಪುಡಿ, ಬೇಕಾದಷ್ಟು ಸಕ್ಕರೆ, ಮೂರು ದೊಡ್ಡ ಚಮಚ ತಣ್ಣೀರು ಹಾಕಿ. ಇಲ್ಲಿ ನೀರು ಹೆಚ್ಚಾದರೆ ನೊರೆ ಕೆಟ್ಟಿತು. ಅರ್ಧ ನಿಮಿಷ ಜೋರಾಗಿ ಕುಲುಕಿ. ಉದ್ದ ಗ್ಲಾಸಿನಲ್ಲಿ ಐಸ್ ಹಾಕಿ ನೊರೆಯನ್ನು ಸುರಿದು, ತಣ್ಣೀರು ತುಂಬಿಸಿ, ಸ್ಟ್ರಾ ಇಡಿ. ಹಾಲು ಬೇಕಿದ್ದರೆ ಕೊನೆಗೆ, ಸ್ವಲ್ಪವೇ. ಚಿಕೋರಿ ಬೆರೆಯದ, ಹುಡಿಹುಡಿಯಾದ ಇನ್‌ಸ್ಟಂಟ್ ಪುಡಿ ಆರಿಸಿ. ಅದರಲ್ಲಿ ಎಣ್ಣೆಯಂಶ ಬಹಳ ಕಡಿಮೆ ಇರುವುದರಿಂದಲೇ ನೊರೆ ಅಷ್ಟು ಹೊತ್ತು ನಿಲ್ಲುವುದು.

ಫ್ರೆಡ್ಡೊ

1990ರ ದಶಕದಲ್ಲಿ ಬಂದ ಫ್ರೆಡ್ಡೊ ಎಂಬ ಇನ್ನೊಂದು ತಣ್ಣನೆಯ ಕಾಫಿ ಈಗ ಯುವಕರ ಕೈಯಲ್ಲಿ ಎಲ್ಲೆಲ್ಲೂ ಕಾಣುತ್ತದೆ, ಚಳಿಗಾಲದಲ್ಲೂ. ಡಬಲ್ ಎಸ್ಪ್ರೆಸೊ ಬಿಸಿಯಾಗಿರುವಾಗಲೇ ಸಕ್ಕರೆ ಕರಗಿಸಿ, ಒಂದೆರಡು ಐಸ್ ತುಂಡು ಹಾಕಿ ಮಿಕ್ಸರಿನಲ್ಲಿ ಕಡೆದು, ಐಸ್ ತುಂಬಿದ ಗ್ಲಾಸಿಗೆ ಸುರಿದರೆ ಫ್ರೆಡ್ಡೊ ಎಸ್ಪ್ರೆಸೊ. ಅದರ ಮೇಲೆ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಕೆನೆ ಕಡಿಮೆಯ ಹಾಲನ್ನು ಗಟ್ಟಿ ನೊರೆಯಾಗುವಂತೆ ಕಡೆದು ಹಾಕಿದರೆ ಫ್ರೆಡ್ಡೊ ಕಪುಚಿನೊ. ಆ ಹಾಲ್ನೊರೆಗೆ ಅಫ್ರೊಗಾಲ ಎನ್ನುತ್ತಾರೆ. ಎಸ್ಪ್ರೆಸೊ ಯಂತ್ರ ಇಲ್ಲದವರು ಒಲೆಯ ಮೇಲಿಟ್ಟು ಗಟ್ಟಿ ಕಾಫಿ ಇಳಿಸುವ ಮೋಕಾ ಪಾಟ್‌ನಲ್ಲಿ ಮಾಡಿಕೊಳ್ಳಬಹುದು. ನಮ್ಮ ಮೊದಲ ಡಿಕಾಕ್ಷನ್‌ನಲ್ಲಿ ಮಾಡಿದಾಗ ರುಚಿ ಚೆನ್ನಾಗಿತ್ತು, ನೊರೆ ಬೇಗ ಇಳಿಯಿತು.

ಅಲ್ಲಿಗೇ ಹೋದರೆ

‘ಎನಾ ಎಲಿನಿಕೊ ಮೆತ್ರಿಯೊ, ಪರಕಲೊ’ ಎಂದರೆ ಸಾಕು: ಒಂದು ಗ್ರೀಕ್ ಕಾಫಿ, ಹದ ಸಿಹಿ, ದಯವಿಟ್ಟು. ಸ್ಕೆತೊ, ಮೆತ್ರಿಯೊ, ಗ್ಲಿಕೊ ಎಂಬ ಈ ಮೂರು ಮಾತು ಫ್ರಾಪೆ, ಫ್ರೆಡ್ಡೊಗಳಿಗೂ ನಡೆಯುತ್ತವೆ. ಹಳ್ಳಿಯ ಕಾಫೆನಿಯೊದಲ್ಲಿ, ಅಂದರೆ ಹಳೆಯ ಕಾಲದ ಕಾಫಿ ಅಂಗಡಿಯಲ್ಲಿ, ಹಿರಿಯರು ಪಗಡೆಯಂಥ ತಾವ್ಲಿ ಆಡುತ್ತ, ಪತ್ರಿಕೆ ಓದುತ್ತ, ರಾಜಕೀಯ ಮಾತಾಡುತ್ತ ಕೂತಿರುತ್ತಾರೆ. ಪೇಟೆಯಲ್ಲಿ ಒಂದು ಫ್ರೆಡ್ಡೊ ಹಿಡಿದು ಎರಡು ಗಂಟೆ ಕೂತರೂ ‘ಇನ್ನೇನು ಬೇಕು’ ಎಂದು ಯಾರೂ ಬಂದು ಅವಸರಪಡಿಸುವುದಿಲ್ಲ. ‘ಕಾಫಿಗೆ ಹೋಗೋಣ’ ಎಂದು ಸ್ನೇಹಿತರು ಕರೆದರೆ ಸಂಜೆಯನ್ನೇ ಬಿಡುವು ಮಾಡಿಕೊಂಡು ಹೋಗಿ. ಎಷ್ಟೋ ಕೆಫೆಗಳಲ್ಲಿ ಕಾಫಿಯ ಜೊತೆಗೇ ಬಿಲ್ಲನ್ನು ಸುರುಳಿ ಸುತ್ತಿ ಪುಟ್ಟ ಗಾಜಿನ ಲೋಟದಲ್ಲಿಟ್ಟು ಹೋಗುತ್ತಾರೆ. ಏಳಿ ಎಂಬ ಸೂಚನೆಯೆಂದು ತಿಳಿದು ಗಾಬರಿಯಾಗಬೇಡಿ, ಅದನ್ನು ಹೊರಡುವಾಗ ನೋಡಿದರಾಯಿತು.