ಮೈಕ್ರೋಕಂಟ್ರೋಲರ್ ಆಯ್ಕೆ: ಚಿಪ್‌ನ ಬೆಲೆಯೊಂದನ್ನೇ ನೋಡಿದರೆ ಸಾಲದು

ಮೈಕ್ರೋಕಂಟ್ರೋಲರ್ ಎಂದರೆ ಸಾಧನವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಚಿಪ್. ಅದನ್ನು ಆರಿಸುವಾಗ ಮೊದಲಿಗೆ, ನಿಮ್ಮ ಸಾಧನಕ್ಕೆ ಏನೇನು ಬೇಕೆಂದು ಹಾಳೆಯಲ್ಲಿ ಬರೆದುಕೊಳ್ಳಿ: ಪಿನ್‌ಗಳು ಎಷ್ಟು, ವೈಫೈ ಬೇಕೋ ಬೇಡವೋ, ಬ್ಯಾಟರಿಯಲ್ಲಿ ನಡೆಯಬೇಕೋ, ಮೆಮೊರಿ ಎಷ್ಟು. ಮೆಮೊರಿಯನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಬೇಕು. ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್‌ನಲ್ಲಿರುವ ರ್‍ಯಾಮ್ (ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) 2 ಕೆಬಿ, ಅಂದರೆ 2048 ಬೈಟ್ ಮಾತ್ರ. 128×64 ಚುಕ್ಕೆಗಳ ಏಕವರ್ಣ ಪರದೆಯ ಒಂದು ಪೂರ್ಣ ಚಿತ್ರವನ್ನು ಇಟ್ಟುಕೊಳ್ಳಲು 1024 ಬೈಟ್ ಬೇಕಾಗುವುದರಿಂದ ಅರ್ಧ ರ್‍ಯಾಮ್ ಅಲ್ಲಿಗೇ ತೀರಿಹೋಗುತ್ತದೆ.

ಎರಡನೆಯದು ಬೆಲೆ. ಒಂದೆರಡು ಸಾಧನಗಳನ್ನಷ್ಟೇ ಮಾಡುವವರಿಗೆ ಚಿಪ್‌ಗಿಂತ ಬೋರ್ಡು, ಪ್ರೋಗ್ರಾಮರ್ (ಚಿಪ್‌ಗೆ ಪ್ರೋಗ್ರಾಮನ್ನು ತುಂಬುವ ಉಪಕರಣ) ಮತ್ತು ಕಲಿಯಲು ಹಿಡಿಯುವ ಸಮಯವೇ ನಿಜವಾದ ಖರ್ಚು. ಸಾವಿರಗಟ್ಟಲೆ ತಯಾರಿಸುವಾಗ ಮಾತ್ರ ಸಿಎಚ್32ವಿ003ನಂತಹ ಅತಿ ಅಗ್ಗದ ಚಿಪ್‌ಗಳನ್ನು ಅರಸುವುದಕ್ಕೆ ಅರ್ಥವಿದೆ. ಆಗಲೂ ಹೊರಗಿನಿಂದ ಸೇರಿಸಬೇಕಾದ ಬಿಡಿಭಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿನಲ್ಲಿರುವ ಆರ್‌ಪಿ2040 ಚಿಪ್‌ನೊಳಗೆ ಫ್ಲ್ಯಾಶ್ ಮೆಮೊರಿ (ಪ್ರೋಗ್ರಾಮನ್ನು ಉಳಿಸಿಡುವ ಮೆಮೊರಿ) ಇಲ್ಲದ ಕಾರಣ ಅದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ.

ಪರಿಕರಗಳ ವಿಷಯಕ್ಕೆ ಹೆಚ್ಚಿನವರು ಗಮನ ಕೊಡುವುದಿಲ್ಲ, ಆದರೆ ಕೆಲಸ ಸಾಗುವುದೂ ನಿಲ್ಲುವುದೂ ಇಲ್ಲಿಯೇ. ಕಂಪೈಲರ್ (ನೀವು ಬರೆದ ಕೋಡನ್ನು ಚಿಪ್‌ನ ಭಾಷೆಗೆ ತರುವ ತಂತ್ರಾಂಶ) ಉಚಿತವೇ ಎಂಬುದರ ಜೊತೆಗೆ ಅದರ ಮಿತಿಗಳನ್ನೂ ತಿಳಿಯಿರಿ. ಪಿಐಸಿ ಚಿಪ್‌ಗಳಿಗಾಗಿ ಇರುವ ಎಕ್ಸ್‌ಸಿ8 ಕಂಪೈಲರ್ ಉಚಿತವಾಗಿ ದೊರೆತರೂ ಅದರ ಅತ್ಯುನ್ನತ ಆಪ್ಟಿಮೈಸೇಶನ್‌ಗೆ (ಕೋಡನ್ನು ಚಿಕ್ಕದಾಗಿಸುವ, ವೇಗಗೊಳಿಸುವ ಸೌಲಭ್ಯಕ್ಕೆ) ಪರವಾನಗಿ ಕೊಳ್ಳಬೇಕು. ಅದಕ್ಕಿಂತ ಮುಖ್ಯವಾದದ್ದು ಡೀಬಗರ್. ಅದಿಲ್ಲದವರು ಸೀರಿಯಲ್ ಪೋರ್ಟಿಗೆ ಸಂದೇಶಗಳನ್ನು ಕಳುಹಿಸುತ್ತಾ ತಪ್ಪು ಎಲ್ಲಿದೆಯೆಂದು ಊಹಿಸಬೇಕಾಗುತ್ತದೆ. ಇರುವವರು ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ ರಿಜಿಸ್ಟರುಗಳಲ್ಲಿ (ಚಿಪ್‌ನೊಳಗಿನ ಪುಟ್ಟ ಮೆಮೊರಿ ಕೋಶಗಳಲ್ಲಿ) ಏನಿದೆಯೆಂದು ಕಣ್ಣಾರೆ ನೋಡಬಹುದು. ಎಸ್‌ಟಿಎಂ32 ನ್ಯೂಕ್ಲಿಯೊ ಬೋರ್ಡುಗಳಲ್ಲಿ ಎಸ್‌ಟಿ-ಲಿಂಕ್ ಡೀಬಗರ್ ಜೊತೆಗೇ ಬರುತ್ತದೆ; ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿಗೆ ಮತ್ತೊಂದು ಪಿಕೊವನ್ನೇ ಡೀಬಗರ್ ಆಗಿ ಬಳಸಬಹುದು.

ನಾಲ್ಕನೆಯದಾಗಿ, ಎಷ್ಟು ಆಳಕ್ಕೆ ಕಲಿಯಬೇಕೆಂದು ನಿರ್ಧರಿಸಿ. ಆರ್ಡುಯಿನೊದಲ್ಲಿ ಎರಡು ಫಂಕ್ಷನ್‌ಗಳಿಂದ ಎಲ್‌ಇಡಿ ಬೆಳಗುತ್ತದೆ. ಎಸ್‌ಟಿಎಂ32ರಲ್ಲಿ ರಿಜಿಸ್ಟರುಗಳ ಮೂಲಕವೇ ಬರೆಯುವವರು ಮೊದಲು ಎಲ್‌ಇಡಿ ಜೋಡಿಸಿದ ಪೋರ್ಟಿನ (ಪಿನ್‌ಗಳ ಗುಂಪಿನ) ಕ್ಲಾಕ್ ಅನ್ನು, ಅಂದರೆ ಅದನ್ನು ನಡೆಸುವ ಮಿಡಿತದ ಸಂಕೇತವನ್ನು, ಚಾಲೂ ಮಾಡಬೇಕು. ಮರೆತರೆ ಕಂಪೈಲರ್ ಯಾವ ದೋಷವನ್ನೂ ತೋರಿಸುವುದಿಲ್ಲ, ಎಲ್‌ಇಡಿಯೂ ಉರಿಯುವುದಿಲ್ಲ. ಈ ಶ್ರಮ ವ್ಯರ್ಥವಲ್ಲ, ಏಕೆಂದರೆ ಚಿಪ್‌ನ ಒಳಗಿನ ವ್ಯವಸ್ಥೆ ಅರ್ಥವಾಗುವುದೇ ಹೀಗೆ. ಹೊಸಬರು ಮೈಕ್ರೋಪೈಥಾನ್‌ನೊಂದಿಗೆ (ಮೈಕ್ರೋಕಂಟ್ರೋಲರ್‌ಗಳಿಗಾಗಿ ರೂಪಿಸಿದ ಪೈಥಾನ್ ಭಾಷೆಯೊಂದಿಗೆ) ಪಿಕೊದಿಂದ, ವೈಫೈ ಬೇಕಾದವರು ಇಎಸ್‌ಪಿ32ರಿಂದ, ಇದನ್ನೇ ವೃತ್ತಿಯಾಗಿಸಿಕೊಳ್ಳಲು ಬಯಸುವವರು ಎಸ್‌ಟಿಎಂ32ರಿಂದ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಆಯ್ಕೆಯನ್ನು ಅಂತಿಮಗೊಳಿಸುವ ಮುನ್ನ, ಅದೇ ಕುಟುಂಬದಲ್ಲಿ ಅದೇ ಪಿನ್ ಜೋಡಣೆಯ, ಹೆಚ್ಚು ಮೆಮೊರಿಯುಳ್ಳ ಚಿಪ್ ಇದೆಯೇ ಎಂದು ಪರಿಶೀಲಿಸಿ. 2021ರ ಚಿಪ್ ಕೊರತೆಯಂತಹ ಸ್ಥಿತಿ ಬಂದರೆ ಸರ್ಕ್ಯೂಟ್ ಬೋರ್ಡನ್ನು ಬದಲಿಸದೆಯೇ ಕೆಲಸ ಮುಂದುವರಿಸಬಹುದು.