ಹೋಟೆಲ್ ಒಳಗೆ ಸಿಗರೇಟ್ ನಿಲ್ಸೋದು ಹೆಂಗೆ? ಬೋರ್ಡಿಗಿಂತ ಮೊದ್ಲು ಲೈಟರ್ ಕಿತ್ತಾಕಿ

ನಮ್ದೊಂದು ಸಣ್ಣ ಹೋಟ್ಲು, ಬೆಳಿಗ್ಗೆ ಕಾಫಿ ಟೈಮಲ್ಲಿ ಒಂದ್ ಕೈಲಿ ಲೋಟ ಇನ್ನೊಂದ್ ಕೈಲಿ ಸಿಗರೇಟು, ಗೋಡೆ ಮೇಲೆ ನೋ ಸ್ಮೋಕಿಂಗ್ ಬೋರ್ಡು, ಯಾರೂ ಕತ್ತೆತ್ತಿ ನೋಡ್ತಿರ್ಲಿಲ್ಲ.

ಮೊದ್ಲು ಗಲ್ಲಾ ಪಕ್ಕ ದಾರದಲ್ಲಿ ನೇತಾಕಿರೋ ಲೈಟರ್ ತೆಗೀರಿ, ಆಶ್‌ಟ್ರೇ ಬೆಂಕಿಪೊಟ್ಟಣನೂ ಅಷ್ಟೇ. ಇದು ನನ್ ಐಡಿಯಾ ಅಲ್ಲ, ಸಾರ್ವಜನಿಕ ಜಾಗದಲ್ಲಿ ಸಿಗರೇಟ್ ಸೇದೋದು ಬಂದ್ ಮಾಡೋ 2008ರ ರೂಲ್ಸಲ್ಲೇ ಇದೆ. ಬೂದಿ ಉದುರ್ಸೋಕೆ ಜಾಗ ಇಲ್ಲಾಂದ್ರೆ ಎಷ್ಟೋ ಜನ ತಾವೇ ಎದ್ದು ಆಚೆ ಹೋಗ್ತಾರೆ. ಖಾಲಿ ಲೋಟಕ್ಕೇ ಉದುರ್ಸೋ ಮಹಾನುಭಾವರೂ ಇದಾರೆ, ಅದಕ್ಕೆ ಕಾಫಿ ಮುಗೀತಿದ್ದಂಗೆ ಲೋಟ ಎತ್ತಿ ಅಂತ ಸಪ್ಲೈಯರ್‌ಗೆ ಹೇಳಿಡಿ.

ಆಮೇಲೆ ಬೋರ್ಡು. ಬಾಗಿಲಲ್ಲೇ ಕಾಣ್ಬೇಕು, ಕಮ್ಮಿ ಅಂದ್ರೂ 60ಕ್ಕೆ 30 ಸೆಂಟಿಮೀಟರ್, ಬಿಳಿ ಹಿನ್ನೆಲೆ, ಕಂಪ್ಲೇಂಟ್ ಯಾರಿಗೆ ಹೇಳ್ಬೇಕು ಅಂತ ಹೆಸರೂ ಇರ್ಬೇಕು. ದಂಡ ಮುಂಚೆ 200 ರೂಪಾಯಿ ತನಕ ಇತ್ತು, 2025ರಲ್ಲಿ ನಮ್ ರಾಜ್ಯದಲ್ಲಿ 1000 ಆಯ್ತು. 30 ಸೀಟಿಗಿಂತ ಕಮ್ಮಿ ಇರೋ ಹೋಟ್ಲಿಗೆ ಸ್ಮೋಕಿಂಗ್ ರೂಮ್ ಮಾತೇ ಇಲ್ಲ.

'ಫ್ಯಾನ್ ಹಾಕಿದೀರಲ್ಲ ಬಿಡಿ' ಅಂತಾರೆ. ಫ್ಯಾನು ಹೊಗೆನ ಹರಡುತ್ತೆ ಅಷ್ಟೇ, ಹೊರಗೆ ಹಾಕಲ್ಲ. ಗಿರಾಕಿ ಹತ್ತು ನಿಮಿಷಕ್ಕೆ ಹೋಗ್ತಾನೆ, ಟೇಬಲ್ ಒರೆಸೋ ಹುಡುಗ ದಿನಾ ಪೂರ್ತಿ ಅದೇ ಗಾಳಿ ಕುಡೀಬೇಕು. ಸ್ಕಾಟ್ಲೆಂಡಲ್ಲಿ 2006ರ ಮಾರ್ಚಲ್ಲಿ ಒಳಗೆ ಸೇದೋದು ಬಂದ್ ಮಾಡಿದ್ರು, ಹಿಂದಿನ ವರ್ಷಕ್ಕೆ ಹೋಲಿಸಿದ್ರೆ ಒಂಬತ್ತು ಆಸ್ಪತ್ರೆಗಳಲ್ಲಿ ಹಾರ್ಟ್ ಅಟ್ಯಾಕ್ ಥರದ ಕೇಸು 17 ಪರ್ಸೆಂಟ್ ಇಳೀತು. ಅದೇ ಟೈಮಲ್ಲಿ ಇನ್ನೂ ಕಾನೂನು ಬಂದಿರದ ಇಂಗ್ಲೆಂಡಲ್ಲಿ ಇಳಿದಿದ್ದು 4 ಪರ್ಸೆಂಟ್ ಮಾತ್ರ. ಸ್ಕಾಟ್ಲೆಂಡಲ್ಲಿ ಕಮ್ಮಿಯಾದ ಕೇಸಲ್ಲಿ ಮೂರರಲ್ಲಿ ಎರಡು ಪಾಲು ಸಿಗರೇಟ್ ಸೇದದೇ ಇರೋರದ್ದು! ಬೇರೆಯವ್ರ ಹೊಗೆ ಸ್ವಲ್ಪ ಹೊತ್ತು ಕುಡಿದ್ರೂ ರಕ್ತ ಬೇಗ ಹೆಪ್ಪುಗಟ್ಟೋ ಥರ ಆಗುತ್ತಂತೆ, ಅದಕ್ಕೇ ನಿಲ್ಸಿದ್ರೆ ಫಲನೂ ಬೇಗ ಕಾಣುತ್ತೆ.

ಹೇಳೋ ರೀತಿ ಮುಖ್ಯ. 'ಇಲ್ಲಿ ಸೇದ್ಬಾರ್ದು' ಅಂದ್ರೆ ಜಗಳ. 'ಯಜಮಾನ್ರೇ, ಹೊರಗೆ ಮುಗಿಸ್ಕೊಂಡ್ ಬನ್ನಿ, ಅಷ್ಟ್ರಲ್ಲಿ ಬಿಸಿ ಕಾಫಿ ಹಾಕ್ಸಿರ್ತೀನಿ' ಅನ್ನಿ. ನಮ್ ಹಳೇ ಗಿರಾಕಿ ಒಬ್ರು ಸಿಟ್ಟಾಗಿ ನಾಲ್ಕ್ ದಿನ ಬರ್ಲಿಲ್ಲ, ಐದನೇ ದಿನ ಬಂದು ಸುಮ್ನೆ ಇಡ್ಲಿ ತಿಂದ್ರು. ಬಿಡ್ಬೇಕು ಅನ್ನೋರಿಗೆ ಅಂತ 1800-11-2356 ನಂಬರ್ ಗಲ್ಲಾ ಹತ್ರ ಅಂಟಿಸಿದೀನಿ, ಫ್ರೀ ಕಾಲು.

ಹೊರಗೆ ಅಂದ್ರೆ ಬಾಗಿಲಲ್ಲಿ ಅಲ್ಲ ಮತ್ತೆ, ಹೊಗೆ ಪೂರ್ತಿ ಒಳಗೇ ಬರುತ್ತೆ. ಪಕ್ಕದ ಬಸ್‌ಸ್ಟಾಪಿಗೂ ಕಳಿಸ್ಬೇಡಿ, ಅಲ್ಲೂ ಸೇದಂಗಿಲ್ಲ.